ಎಣ್ಣೆಬಾವಿಗೆ ಮರುಜೀವ

ಬೆಂಗಳೂರಿನ ದಂಡುಪ್ರದೇಶದ ಶಿವಾಜಿನಗರದಲ್ಲಿರುವ ರಸೆಲ್ ಮಾರುಕಟ್ಟೆಯನ್ನು ಕಟ್ಟಿದ್ದು 1927ರಲ್ಲಿ. ಅಂದಿನ ಪುರಸಭೆಯ ಆಯುಕ್ತನಾಗಿದ್ದ ರಸೆಲ್ ಎಂಬ ಆಂಗ್ಲ ಅಧಿಕಾರಿಯ ಹೆಸರು ಅದಕ್ಕೆ ಬಂದಿತು. ಹೂವು, ಹಣ್ಣು, ತರಕಾರಿ, ಮೀನು, ಮಾಂಸ ಇವೆಲ್ಲವೂ ಒಂದೇ ಸೂರಿನಡಿ ದೊರೆಯುವ ಈ ಪೇಟೆಯ ಸುತ್ತ ಸಂಜೆಯಾದೊಡನೆ ತಳ್ಳುಗಾಡಿಗಳ ಸಾಲು ನಿಲ್ಲುತ್ತದೆ. ವಿದ್ಯುತ್ತಿನ ತಂತಿ ತಳ್ಳುಗಾಡಿಯವರೆಗೆ ಬಾರದಿದ್ದ ದಿನಗಳಲ್ಲಿ ಇಂಥ ಪೇಟೆಗಳ ವ್ಯಾಪಾರಿಗಳಿಗೆ ಆಧಾರವಾಗಿದ್ದುದು ಪೆಟ್ರೊಮ್ಯಾಕ್ಸ್ ದೀಪ. ಮದುವೆಯ ಮೆರವಣಿಗೆಯಲ್ಲಿ, ಯಕ್ಷಗಾನದ ಬಯಲಿನಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ಇರುಳನ್ನು ಹಗಲು ಮಾಡುತ್ತಿದ್ದುದೂ ಇದೇ ದೀಪವೇ.

ಈ ದೀಪದ ರಚನೆಯನ್ನು ಸ್ವಲ್ಪ ಗಮನಿಸೋಣ. ಅದರ ತಳದಲ್ಲಿ ಸೀಮೆಎಣ್ಣೆಯ ತೊಟ್ಟಿ. ತೊಟ್ಟಿಯ ಪಕ್ಕದಲ್ಲಿ ಒಂದು ಚಿಕ್ಕ ಪಂಪು. ಅದನ್ನು ಒತ್ತಿ ಒತ್ತಿ ಒಳಗೆ ಗಾಳಿಯನ್ನು ತುಂಬಿದಾಗ ಆ ಗಾಳಿ ಎಣ್ಣೆಯ ಮೇಲೆ ಕುಳಿತು ಅದನ್ನು ಅದುಮುತ್ತದೆ. ಬೇರೆ ದಾರಿ ಕಾಣದ ಎಣ್ಣೆ ನಡುವಿನ ಕೊಳವೆಯಲ್ಲಿ ಮೇಲೇರುತ್ತದೆ. ಕೊಳವೆಯ ಮೇಲ್ಭಾಗವು ಮೊದಲೇ ಕಾದಿರುವುದರಿಂದ ಅಲ್ಲಿಗೆ ತಲುಪಿದ ಎಣ್ಣೆ ಆವಿಯಾಗಿ, ಗಾಳಿಯೊಡನೆ ಬೆರೆತು, ಮ್ಯಾಂಟಲ್ ಎಂಬ ಬಲೆಚೀಲದಲ್ಲಿ ಉರಿದು ಬೆಳ್ಳನೆಯ ಬೆಳಕನ್ನು ಚೆಲ್ಲುತ್ತದೆ. ಕೆಲವು ಹೊತ್ತಿನ ಮೇಲೆ ದೀಪ ಮಂಕಾಗುತ್ತದೆ. ಆಗ ತೊಟ್ಟಿಯಲ್ಲಿ ಎಣ್ಣೆ ಮುಗಿದಿರುವುದಿಲ್ಲ. ಅದನ್ನು ಮೇಲಕ್ಕೆ ತಳ್ಳುವ ಗಾಳಿಯ ಒತ್ತಡ ಕಡಿಮೆಯಾಗಿರುತ್ತದೆ. ತಿಳಿದವರು ಎಣ್ಣೆಯ ಡಬ್ಬಿಗಾಗಿ ಓಡುವುದಿಲ್ಲ. ಪಂಪನ್ನು ನಾಲ್ಕು ಬಾರಿ ಒತ್ತುತ್ತಾರೆ. ದೀಪವು ಮತ್ತೆ ಚೇತರಿಸಿಕೊಳ್ಳುತ್ತದೆ.

ಒತ್ತಡ ಮತ್ತು ಶಾಖ ಎಂಬ ಈ ಎರಡು ಉಪಾಯಗಳನ್ನೇ ಬೃಹತ್ ಪ್ರಮಾಣದಲ್ಲಿ ಬಳಸಿ, ಬತ್ತಿದವೆಂದು ತೋರುವ ತೈಲಬಾವಿಗಳಿಂದ ಮತ್ತೆ ಎಣ್ಣೆಯನ್ನು ಪಡೆಯುವ ವಿದ್ಯೆಯೊಂದು ಕಳೆದ ಶತಮಾನದಲ್ಲಿ ಬೆಳೆದು ಬಂದಿದೆ. ದೀಪದ ತೊಟ್ಟಿಯಲ್ಲಿರುವ ಸೀಮೆಎಣ್ಣೆಯ ತವರಾದ ಭೂಗರ್ಭದಲ್ಲಿಯೂ ದೀಪಕ್ಕೆ ಬಂದ ಕಷ್ಟವೇ ಬರುತ್ತದೆ ಎಂಬುದು ಕುತೂಹಲಕರವಾದ ಸಂಗತಿ.

ನೆಲದೊಳಗಿನ ಎಣ್ಣೆ ಎಂದೊಡನೆ ಕೆರೆಯಂತೆ ತುಂಬಿ ನಿಂತ ಮಡುವೊಂದು ಹಲವರ ಕಣ್ಣಿಗೆ ಕಟ್ಟುತ್ತದೆ. ವಾಸ್ತವದಲ್ಲಿ ಅಂಥ ಮಡು ಇರುವುದಿಲ್ಲ. ನೀರಿನಲ್ಲಿ ನೆನೆಸಿದ ಇಟ್ಟಿಗೆಯನ್ನು ನೆನೆದರೆ ನಿಜಸ್ಥಿತಿ ತಿಳಿಯುತ್ತದೆ. ಇಟ್ಟಿಗೆ ಹೊರಗೆ ಗಟ್ಟಿಯಾಗಿ ಕಂಡರೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರೆಲ್ಲ ಆ ರಂಧ್ರಗಳಲ್ಲಿ ಅಡಗಿರುತ್ತದೆ. ಅದೇ ರೀತಿ ಮರಳುಗಲ್ಲು, ಸುಣ್ಣಕಲ್ಲು ಮೊದಲಾದ ಪದರಶಿಲೆಗಳ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಅಡಗಿದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರ ಮತ್ತು ಸರೋವರಗಳ ತಳದಲ್ಲಿ ಕೆಸರಿನೊಡನೆ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷಗಳು ಭೂಮಿಯ ಶಾಖ ಮತ್ತು ಒತ್ತಡಗಳಿಗೆ ಸಿಲುಕಿ ಎಣ್ಣೆಯೂ ಅನಿಲವೂ ಆದವು. ಅವು ರಂಧ್ರಶಿಲೆಯ ಮೂಲಕ ಮೇಲಕ್ಕೆ ಸರಿಯುತ್ತ ಬಂದು, ಯಾವುದಾದರೂ ಬಿಗಿಯಾದ ಕಲ್ಲಿನ ಮುಚ್ಚಳ ಅಡ್ಡವಾದ ಕಡೆ ನಿಂತುಬಿಟ್ಟವು. ಹಗುರವಾದ ಅನಿಲ ಮೇಲೆ, ಎಣ್ಣೆ ನಡುವೆ, ಭಾರವಾದ ನೀರು ಕೆಳಗೆ ಹೀಗೆ ಅವುಗಳ ಏರ್ಪಾಟು.

ಬೆಂಗಳೂರಿನ ನೆಲದಲ್ಲಿ ಎಣ್ಣೆ ಏಕೆ ದೊರೆಯುವುದಿಲ್ಲ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಲಾಲ್‌ಬಾಗಿನ ಬಂಡೆಯನ್ನು ನೋಡಿದವರಿಗೆ ಈ ಊರಿನ ಅಡಿಪಾಯ ಎಂಥದೆಂಬುದು ತಿಳಿದಿರುತ್ತದೆ. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ. ಭೂಮಿಯ ಆಳದ ಶಾಖದಲ್ಲಿ ಬೆಂದು ಗಟ್ಟಿಯಾದ ಅದರಲ್ಲಿ ಇಟ್ಟಿಗೆಯಂಥ ರಂಧ್ರಗಳಿಲ್ಲ. ಎಣ್ಣೆಗೆ ಮೂಲವಾಗಬಲ್ಲ ಜೀವಾವಶೇಷಗಳ ಪದರಗಳೂ ಇಲ್ಲ. ಅಲ್ಲಲ್ಲಿ ಇರುವ ಬಿರುಕುಗಳಲ್ಲಿ ಮಳೆಯ ನೀರು ಇಳಿದು ನಿಲ್ಲಬಹುದು, ಅಷ್ಟೆ.

ಎಣ್ಣೆಯಿರುವ ಪದರಕ್ಕೆ ಮೊದಲ ಬಾವಿಯನ್ನು ಕೊರೆದಾಗ ಎಣ್ಣೆ ಬಹುಮಟ್ಟಿಗೆ ತಾನಾಗಿಯೇ ಮೇಲಕ್ಕೆ ಬರುತ್ತದೆ. ಕೋಟ್ಯಂತರ ವರ್ಷ ಅದುಮಿಟ್ಟ ಒತ್ತಡವು ಒಮ್ಮೆಲೇ ಬಿಡುಗಡೆಯ ದಾರಿಯನ್ನು ಕಾಣುವುದೇ ಇದಕ್ಕೆ ಕಾರಣ. ಸೋಡಾ ಸೀಸೆಯ ಬಾಯಿ ತೆರೆದಾಗ ಅನಿಲವು ನೀರನ್ನೂ ಹೊತ್ತುಕೊಂಡು ಹೊರನುಗ್ಗುವಂತೆ, ಎಣ್ಣೆಯಲ್ಲಿ ಕರಗಿದ್ದ ಅನಿಲವು ಗುಳ್ಳೆಗಳಾಗಿ ಬೇರ್ಪಟ್ಟು ಎಣ್ಣೆಯನ್ನು ಎತ್ತುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1859ರಲ್ಲಿ ಡ್ರೇಕ್ ಎಂಬಾತ ಕೊರೆಸಿದ ಬಾವಿಯ ಆಳ ಕೇವಲ 21 ಮೀಟರು. ನಮ್ಮ ದೇಶದಲ್ಲಿ ಅಸ್ಸಾಮಿನ ದಿಗ್ಬೊಯಿಯಲ್ಲಿ 1889ರಲ್ಲಿಯೇ ಎಣ್ಣೆ ದೊರೆಯಿತು. ಅಂದಿನವರು ಒತ್ತಡವಿರುವವರೆಗೆ ಎಣ್ಣೆಯನ್ನು ತೆಗೆದು, ಅದು ಕುಗ್ಗಿದಾಗ ಪಂಪು ಹಾಕಿ, ಅದಕ್ಕೂ ಬಗ್ಗದಿದ್ದಾಗ ಬಾವಿಯನ್ನು ಕೈಬಿಟ್ಟು ಮುಂದಿನ ಬಾವಿಯನ್ನು ಕೊರೆಯುತ್ತಿದ್ದರು. ಎಣ್ಣೆ ಮುಗಿಯಿತೆಂದೇ ಅವರ ಎಣಿಕೆ.

ಆದರೆ ಎಣ್ಣೆ ಮುಗಿದಿರುತ್ತಿರಲಿಲ್ಲ. ನಿಸರ್ಗದ ಒತ್ತಡವೊಂದನ್ನೇ ನಂಬಿದರೆ ಪದರದಲ್ಲಿರುವ ಎಣ್ಣೆಯ ನೂರು ಭಾಗಗಳಲ್ಲಿ ಸಾಮಾನ್ಯವಾಗಿ ಹತ್ತಿಪ್ಪತ್ತು ಭಾಗ ಮಾತ್ರ ಕೈಗೆ ಬರುತ್ತದೆ. ಸುತ್ತಲಿನ ಕೆಲವು ಬಾವಿಗಳಿಂದ ಪದರದೊಳಕ್ಕೆ ನೀರನ್ನು ತುಂಬಿ ಎಣ್ಣೆಯನ್ನು ಇತರ ಬಾವಿಗಳತ್ತ ತಳ್ಳುವ ಕ್ರಮ ಬಂದ ಮೇಲೆ ಈ ಪ್ರಮಾಣ ಹೆಚ್ಚಿತು. ಹಾಗಿದ್ದರೂ ಪ್ರಪಂಚದ ಎಣ್ಣೆ ಕ್ಷೇತ್ರಗಳ ಸರಾಸರಿಯನ್ನು ತೆಗೆದರೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಹೊರಬಂದು, ಉಳಿದ ಎರಡು ಪಾಲು ನೆಲದಲ್ಲಿಯೇ ಉಳಿಯುತ್ತದೆ. ಮೂರು ಮೂಟೆ ರಾಗಿ ಬೆಳೆದ ರೈತ ಒಂದನ್ನು ಮಾತ್ರ ಮನೆಗೆ ತಂದು ಎರಡನ್ನು ಹೊಲದಲ್ಲಿಯೇ ಬಿಟ್ಟುಬಂದಂತೆ ಇದು.

ಎಣ್ಣೆ ಹೀಗೆ ಹಿಂದುಳಿಯುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಒತ್ತಡದ ಕೊರತೆ. ತಳ್ಳುವವರಿಲ್ಲದೆ ಎಣ್ಣೆ ಚಲಿಸಲಾರದು. ಎರಡನೆಯದು ಸ್ನಿಗ್ಧತೆ. ಕೆಲವು ಕ್ಷೇತ್ರಗಳ ಎಣ್ಣೆ ನೀರಿನಂತೆ ತೆಳುವಾಗಿದ್ದರೆ ಇನ್ನು ಕೆಲವೆಡೆ ಜೇನಿನಂತೆ, ಮತ್ತೆ ಕೆಲವೆಡೆ ರಸ್ತೆಗೆ ಹಾಕುವ ಡಾಂಬರಿನಂತೆ ಮಂದವಾಗಿರುತ್ತದೆ. ಇಂಥ ಎಣ್ಣೆಯನ್ನು ನೀರಿನಿಂದ ತಳ್ಳಹೊರಟರೆ ತೆಳುವಾದ ನೀರು ಎಣ್ಣೆಯನ್ನು ಸೀಳಿಕೊಂಡು ತಾನೇ ಮುಂದೆ ಹೋಗುತ್ತದೆ, ಎಣ್ಣೆ ಕದಲುವುದಿಲ್ಲ. ಮೂರನೆಯದು ಕಲ್ಲಿನ ಹಿಡಿತ. ಜಿಡ್ಡಿನ ಪಾತ್ರೆಯನ್ನು ಬರಿಯ ನೀರಿನಲ್ಲಿ ತೊಳೆದರೆ ಜಿಡ್ಡು ಉಳಿಯುವಂತೆ, ರಂಧ್ರಗಳ ಮೂಲೆಮೂಲೆಗಳಲ್ಲಿ ಎಣ್ಣೆಯ ಹನಿಗಳು ಸಿಕ್ಕಿಕೊಂಡು ನಿಲ್ಲುತ್ತವೆ. ಅನಿಲವನ್ನು ಹೊಗಿಸುವುದು, ಉಗಿಯನ್ನು ಹೊಗಿಸುವುದು ಇವು ಈ ಮೂರು ತೊಡಕುಗಳಿಗೆ ಕಂಡುಕೊಂಡ ಪರಿಹಾರಗಳು.

ಅನಿಲವನ್ನು ಬಳಸುವ ಅತ್ಯಂತ ಸರಳವಾದ ವಿಧಾನವನ್ನು ಬೆಂಗಳೂರಿನ ಬೀದಿಗಳಲ್ಲಿಯೇ ಕಾಣಬಹುದು. ನಗರದ ಅನೇಕ ಮನೆಗಳಲ್ಲಿ ನೀರು ಕಡಿಮೆಯಾದ ಕೊಳವೆಬಾವಿಗೆ ಕಂಪ್ರೆಸರ್ ಅಳವಡಿಸಿರುತ್ತಾರೆ. ಮೇಲಿರುವ ಯಂತ್ರವು ಗಾಳಿಯನ್ನು ಅದುಮಿ ಸಣ್ಣ ಕೊಳವೆಯೊಂದರ ಮೂಲಕ ಬಾವಿಯ ಆಳಕ್ಕೆ ಕಳುಹಿಸುತ್ತದೆ. ಆ ಗಾಳಿ ನೀರೆತ್ತುವ ಕೊಳವೆಯ ತಳವನ್ನು ಹೊಕ್ಕು ಗುಳ್ಳೆಗಳಾಗಿ ನೀರಿನೊಡನೆ ಬೆರೆಯುತ್ತದೆ. ಗುಳ್ಳೆ ತುಂಬಿದ ನೀರು ಬರಿಯ ನೀರಿಗಿಂತ ಹಗುರ. ಆದ್ದರಿಂದ ಕೊಳವೆಯ ಹೊರಗಿರುವ ಭಾರವಾದ ನೀರು ಒಳಗಿನ ಹಗುರವಾದ ಮಿಶ್ರಣವನ್ನು ಮೇಲಕ್ಕೆ ನೂಕುತ್ತದೆ. ನಲ್ಲಿಯಲ್ಲಿ ನೀರು ಬುಸ್ಸೆಂದು ಉಸಿರು ಬಿಡುತ್ತ ಸುರಿಯುವುದು ಇದರಿಂದಲೇ. ಬಾವಿಯೊಳಗೆ ಚಲಿಸುವ ಭಾಗ ಯಾವುದೂ ಇಲ್ಲದಿರುವುದರಿಂದ ಮರಳು, ಮಣ್ಣು ಬಂದರೂ ಯಂತ್ರ ಕೆಡುವುದಿಲ್ಲ.

ಎಣ್ಣೆಬಾವಿಯಲ್ಲಿ ಇದೇ ಕ್ರಮಕ್ಕೆ ಗ್ಯಾಸ್ ಲಿಫ್ಟ್ ಎಂದು ಹೆಸರು. ವ್ಯತ್ಯಾಸವೊಂದೇ: ಅಲ್ಲಿ ಗಾಳಿಯನ್ನು ಉಪಯೋಗಿಸುವುದಿಲ್ಲ. ಗಾಳಿಯ ಆಮ್ಲಜನಕವು ಬಾವಿಯ ಅನಿಲದೊಡನೆ ಬೆರೆತರೆ ಒಂದು ಕಿಡಿಯಿಂದ ಸಿಡಿದುಹೋಗುವ ಅಪಾಯವಿದೆ. ಉಕ್ಕಿನ ಕೊಳವೆಗಳೂ ಬೇಗನೆ ತುಕ್ಕು ಹಿಡಿಯುತ್ತವೆ. ಆದುದರಿಂದ ಎಣ್ಣೆಯೊಡನೆ ಹೊರಬರುವ ನೈಸರ್ಗಿಕ ಅನಿಲವನ್ನೇ ಬೇರ್ಪಡಿಸಿ, ಒಣಗಿಸಿ, ಅದುಮಿ ಮತ್ತೆ ಬಾವಿಯೊಳಕ್ಕೆ ಕಳುಹಿಸುತ್ತಾರೆ. ಎಣ್ಣೆಯನ್ನು ಮೇಲಕ್ಕೆ ತಂದ ಅನಿಲ ಮತ್ತೆ ಕೆಳಗಿಳಿದು ಇನ್ನಷ್ಟು ಎಣ್ಣೆಯನ್ನು ತರುತ್ತದೆ. ಮುಂಬಯಿಯ ತೀರದಿಂದ ಸುಮಾರು 160 ಕಿಲೊಮೀಟರು ದೂರದ ಅರಬ್ಬೀ ಸಮುದ್ರದಲ್ಲಿ 1974ರಲ್ಲಿ ಪತ್ತೆಯಾಗಿ 1976ರಲ್ಲಿ ಎಣ್ಣೆ ಕೊಡಲಾರಂಭಿಸಿದ ಬಾಂಬೆ ಹೈ ಕ್ಷೇತ್ರದ ಬಾವಿಗಳಲ್ಲಿ, ಒತ್ತಡ ತಗ್ಗಿದ ಮೇಲೆ ಈ ಕ್ರಮವನ್ನೇ ವ್ಯಾಪಕವಾಗಿ ಅನುಸರಿಸಲಾಗಿದೆ.

ಗ್ಯಾಸ್ ಲಿಫ್ಟ್ ಬಾವಿಯೊಳಗೆ ಬಂದು ನಿಂತ ಎಣ್ಣೆಯನ್ನು ಎತ್ತುತ್ತದೆಯೇ ಹೊರತು, ಕಲ್ಲಿನ ರಂಧ್ರಗಳಲ್ಲಿ ಕುಳಿತ ಎಣ್ಣೆಯನ್ನು ಬಾವಿಯತ್ತ ತರುವುದಿಲ್ಲ. ಅದಕ್ಕೆ ಅನಿಲವನ್ನು ಪದರಕ್ಕೇ ನುಗ್ಗಿಸಬೇಕು. ಪದರದ ನೆತ್ತಿಯಲ್ಲಿರುವ ಅನಿಲದ ಟೋಪಿಗೆ ಹೊರಗಿನಿಂದ ಅನಿಲವನ್ನು ಸೇರಿಸಿದರೆ ಒತ್ತಡ ಕುಗ್ಗದೆ ಎಣ್ಣೆ ಕೆಳಮುಖವಾಗಿ ಬಾವಿಗಳತ್ತ ಸರಿಯುತ್ತದೆ. ಪೆಟ್ರೊಮ್ಯಾಕ್ಸಿನ ಪಂಪು ಮಾಡುವ ಕೆಲಸವೇ ಇದು. ಇದಕ್ಕಿಂತ ಪರಿಣಾಮಕಾರಿಯಾದುದು ಎಣ್ಣೆಯಲ್ಲಿ ಬೆರೆತುಹೋಗುವ ಅನಿಲದ ಬಳಕೆ. ಬಣ್ಣ ಬಳಿಯುವವರು ಕುಂಚಕ್ಕೆ ಅಂಟಿದ ಬಣ್ಣವನ್ನು ನೀರಿನಲ್ಲಿ ತೊಳೆಯದೆ ಸೀಮೆಎಣ್ಣೆಯಲ್ಲಿ ಅದ್ದುತ್ತಾರೆ. ನೀರು ಬಣ್ಣವನ್ನು ತಳ್ಳಲಾರದು. ಸೀಮೆಎಣ್ಣೆ ಅದರೊಳಗೆ ಬೆರೆತು ಅದನ್ನು ಸಡಿಲಿಸುತ್ತದೆ. ಅಧಿಕ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವು ಕಲ್ಲಿನೊಳಗಿನ ಎಣ್ಣೆಯೊಡನೆ ಇದೇ ರೀತಿ ಬೆರೆಯುತ್ತದೆ. ಆಗ ಎಣ್ಣೆ ಉಬ್ಬುತ್ತದೆ, ತೆಳುವಾಗುತ್ತದೆ, ಕಲ್ಲಿನ ಹಿಡಿತದಿಂದ ಜಾರುತ್ತದೆ. ಅನಿಲವು ಎಣ್ಣೆಗಿಂತ ಬಹಳ ತೆಳುವಾದುದರಿಂದ ಅದು ಎಣ್ಣೆಯನ್ನು ಬಿಟ್ಟು ಮುಂದೋಡದಂತೆ ತಡೆಯಲು ಅನಿಲವನ್ನೂ ನೀರನ್ನೂ ಸರದಿಯಂತೆ ಕಳುಹಿಸುವುದು ವಾಡಿಕೆ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 1972ರಲ್ಲಿ ಈ ವಿಧಾನವು ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತು. ಕೆನಡದ ವೇಬರ್ನ್ ಎಂಬ ಹಳೆಯ ಕ್ಷೇತ್ರಕ್ಕೆ 2000ನೆಯ ಇಸವಿಯಿಂದ ನೆರೆಯ ಅಮೆರಿಕದ ಕಲ್ಲಿದ್ದಲು ಕಾರ್ಖಾನೆಯೊಂದರ ಇಂಗಾಲದ ಡೈಆಕ್ಸೈಡ್ ಅನ್ನು ಮುನ್ನೂರು ಕಿಲೊಮೀಟರಿಗೂ ಉದ್ದವಾದ ಕೊಳವೆಯ ಮೂಲಕ ತಂದು ಹೊಗಿಸಲಾಯಿತು. ಬಾನಿಗೆ ಸೇರಬೇಕಾಗಿದ್ದ ಹೊಗೆಯ ಅಂಶವೊಂದು ಎಣ್ಣೆಯನ್ನು ಹೊರತಂದು ತಾನು ಬಹುಪಾಲು ನೆಲದೊಳಗೇ ಉಳಿಯುವುದು ಇದರ ವಿಶೇಷ.

ಇನ್ನು ಶಾಖದ ಮಾತು. ಮಾರ್ಗಶಿರದ ಚಳಿಯಲ್ಲಿ ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೇ ಹೆಪ್ಪುಗಟ್ಟುತ್ತದೆ. ಸೀಸೆಯನ್ನು ತಲೆಕೆಳಗು ಮಾಡಿ ಬಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಅದನ್ನೇ ಕೆಲವು ನಿಮಿಷ ಬಿಸಿನೀರಿನಲ್ಲಿಟ್ಟರೆ ಎಣ್ಣೆ ಸರಾಗವಾಗಿ ಹರಿಯುತ್ತದೆ. ಬಲದಿಂದ ಆಗದ ಕೆಲಸ ಬಿಸಿಯಿಂದ ಆಗುತ್ತದೆ. ಭೂಗರ್ಭದ ಮಂದವಾದ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಸಾವಿರಾರು ಪಾಲು ಮಂದವಾಗಿದ್ದ ಎಣ್ಣೆ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ತೆಳುವಾದ ಎಣ್ಣೆಯಂತೆಯೇ ಹರಿಯತೊಡಗುತ್ತದೆ.

ನೂರಾರು ಮೀಟರು ಆಳದ ಕಲ್ಲನ್ನು ಬಿಸಿಮಾಡಲು ಉಗಿಯೇ ಏಕೆ ಬೇಕು, ಬಿಸಿನೀರು ಸಾಲದೆ ಎಂಬ ಪ್ರಶ್ನೆ ಏಳಬಹುದು. ಒಂದು ಕಿಲೊಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಲು 100 ಕಿಲೊಕ್ಯಾಲರಿ ಶಾಖ ಸಾಕು. ಆದರೆ ನೂರು ಡಿಗ್ರಿಯ ಆ ನೀರನ್ನು ಅದೇ ಉಷ್ಣತೆಯ ಉಗಿಯನ್ನಾಗಿ ಮಾಡಲು ಮತ್ತೆ ಸುಮಾರು 540 ಕಿಲೊಕ್ಯಾಲರಿ ಬೇಕು. ಉಗಿಯಲ್ಲಿ ಗುಪ್ತವಾಗಿರುವ ಈ ಶಾಖ, ಅದು ತಂಪಾದ ವಸ್ತುವನ್ನು ಮುಟ್ಟಿ ಮತ್ತೆ ನೀರಾದಾಗ ಹೊರಬೀಳುತ್ತದೆ. ಇಡ್ಲಿ ಬೇಯುವುದೂ, ಬಿಸಿನೀರು ತಾಗಿದ ಕೈಗಿಂತ ಹಬೆ ತಾಗಿದ ಕೈ ಹೆಚ್ಚು ಸುಡುವುದೂ ಇದರಿಂದಲೇ. ಒತ್ತಡ ಹೆಚ್ಚಿದಂತೆ ಗುಪ್ತಶಾಖ ಇಳಿಯುವುದಾದರೂ, ಶಾಖವನ್ನು ಹೊತ್ತೊಯ್ಯುವುದರಲ್ಲಿ ಉಗಿಗೆ ಸಮನಾದ, ಸುಲಭವಾಗಿ ದೊರೆಯುವ ವಾಹನ ಇನ್ನೊಂದಿಲ್ಲ.

ಉಗಿಯ ಬಳಕೆಗೆ ದೊಡ್ಡ ತಿರುವು ದೊರೆತದ್ದು ಒಂದು ಆಕಸ್ಮಿಕದಿಂದ. ದಕ್ಷಿಣ ಅಮೆರಿಕದ ವೆನಿಜುವೆಲ ದೇಶದ ಮೆನೆ ಗ್ರಾಂಡೆ ಎಂಬಲ್ಲಿ 1959ರ ಸುಮಾರಿಗೆ ಕೆಲವು ಬಾವಿಗಳಿಂದ ಉಗಿಯನ್ನು ಒಳನುಗ್ಗಿಸಿ ಎಣ್ಣೆಯನ್ನು ಬೇರೆ ಬಾವಿಗಳತ್ತ ತಳ್ಳುವ ಪ್ರಯೋಗ ನಡೆದಿತ್ತು. ಒಳಹೊಕ್ಕ ಉಗಿ ನೆಲವನ್ನು ಸೀಳಿಕೊಂಡು ಮೇಲಕ್ಕೆ ಚಿಮ್ಮಿತು. ಒತ್ತಡವನ್ನು ಇಳಿಸಲೆಂದು ತಂತ್ರಜ್ಞರು ಉಗಿ ಕಳುಹಿಸುತ್ತಿದ್ದ ಬಾವಿಗಳನ್ನೇ ತೆರೆದುಬಿಟ್ಟರು. ಆ ಬಾವಿಗಳಿಂದ ಉಗಿಯ ಹಿಂದೆಯೇ ಎಣ್ಣೆ ಧಾರಾಳವಾಗಿ ಹರಿದು ಬಂದಿತು. ವಿಫಲವಾಯಿತೆಂದು ಭಾವಿಸಿದ ಪ್ರಯೋಗವು ಹೊಸ ವಿಧಾನವೊಂದನ್ನು ತೋರಿಸಿಕೊಟ್ಟಿತು. ಒಂದೇ ಬಾವಿಯೊಳಕ್ಕೆ ಕೆಲವು ದಿನ ಅಥವಾ ವಾರಗಳ ಕಾಲ ಉಗಿಯನ್ನು ಊದುವುದು. ಬಾಯಿ ಮುಚ್ಚಿ ಕೆಲವು ದಿನ ಶಾಖವು ಕಲ್ಲಿಗೆ ಇಳಿಯಲು ಬಿಡುವುದು. ಆಮೇಲೆ ಅದೇ ಬಾವಿಯಿಂದ ಎಣ್ಣೆಯನ್ನು ತೆಗೆಯುವುದು. ಬಿಸಿ ಆರಿ ಎಣ್ಣೆ ಕಡಿಮೆಯಾದಾಗ ಮತ್ತೆ ಊದುವುದು. ಊದುವುದು, ನೆನೆಯಬಿಡುವುದು, ತೆಗೆಯುವುದು ಎಂಬ ಈ ಮೂರು ಹೆಜ್ಜೆಗಳ ಆವರ್ತನವು ಇಂದಿಗೂ ಮಂದ ಎಣ್ಣೆಯ ಕ್ಷೇತ್ರಗಳಲ್ಲಿ ಮೊದಲ ಚಿಕಿತ್ಸೆಯಾಗಿದೆ.

ಈ ಆವರ್ತನಕ್ಕೆ ಮಿತಿಯಿದೆ. ಅದು ಬಾವಿಯ ಸುತ್ತಲಿನ ಸ್ವಲ್ಪ ಪ್ರದೇಶವನ್ನು ಮಾತ್ರ ಬಿಸಿಮಾಡುತ್ತದೆ. ವಿಸ್ತಾರವಾದ ಪದರದ ಎಣ್ಣೆಯನ್ನು ಕದಲಿಸಬೇಕಾದರೆ ಕೆಲವು ಬಾವಿಗಳಿಂದ ನಿರಂತರವಾಗಿ ಉಗಿ ಹರಿಯುತ್ತಿರಬೇಕು, ಇತರ ಬಾವಿಗಳಿಂದ ಎಣ್ಣೆ ಹೊರಬರುತ್ತಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯದ ಕರ್ನ್ ನದಿಯ ದಂಡೆಯಲ್ಲಿ 1899ರಲ್ಲಿ ಕೈಯಿಂದ ತೋಡಿದ ಗುಂಡಿಯೊಂದರಲ್ಲಿ ಎಣ್ಣೆ ಕಂಡಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಆ ಕ್ಷೇತ್ರ ಮುದಿಯಾಯಿತೆಂದು ತೋರಿತು. 1960ರ ದಶಕದಲ್ಲಿ ಅಲ್ಲಿ ಉಗಿಯ ಪ್ರಯೋಗ ಆರಂಭವಾದ ಮೇಲೆ ಉತ್ಪಾದನೆ ಏರುತ್ತ ಹೋಗಿ 1980ರ ದಶಕದಲ್ಲಿ ದಿನಕ್ಕೆ ಒಂದು ಲಕ್ಷ ಪೀಪಾಯಿಗಳನ್ನು ಮೀರಿತು. ಒಂದು ಪೀಪಾಯಿ ಎಂದರೆ ಸುಮಾರು 159 ಲೀಟರು. ಇಂಡೊನೇಷ್ಯದ ಸುಮಾತ್ರ ದ್ವೀಪದ ದುರಿ ಕ್ಷೇತ್ರದಲ್ಲಿ 1985ರಿಂದ ಇದೇ ಕ್ರಮ ನಡೆಯಿತು. ಕೆನಡದ ಆಲ್ಬರ್ಟದಲ್ಲಿ ಡಾಂಬರಿನಂಥ ಎಣ್ಣೆ ಮರಳಿನೊಡನೆ ಅಂಟಿಕೊಂಡಿದೆ. ಅಲ್ಲಿಗಾಗಿ ರೋಜರ್ ಬಟ್ಲರ್ ಎಂಬ ತಂತ್ರಜ್ಞನು 1970ರ ದಶಕದ ಕೊನೆಯ ಹೊತ್ತಿಗೆ ಬೇರೊಂದು ಉಪಾಯವನ್ನು ರೂಪಿಸಿದನು. ಪದರದೊಳಗೆ ಒಂದರ ಮೇಲೊಂದು, ಸುಮಾರು ಐದು ಮೀಟರು ಅಂತರದಲ್ಲಿ ಎರಡು ಬಾವಿಗಳನ್ನು ಅಡ್ಡಲಾಗಿ ಕೊರೆಯಲಾಗುತ್ತದೆ. ಮೇಲಿನದರಿಂದ ಉಗಿ ಹೊರಟು ಸುತ್ತಲಿನ ಮರಳನ್ನು ಕಾಯಿಸುತ್ತದೆ. ಕರಗಿದ ಎಣ್ಣೆ ತನ್ನ ಭಾರದಿಂದಲೇ ಕೆಳಗಿನ ಬಾವಿಗೆ ಇಳಿಯುತ್ತದೆ.

ನಮ್ಮ ದೇಶವೂ ಈ ಪ್ರಯತ್ನದಲ್ಲಿ ಹಿಂದುಳಿದಿಲ್ಲ. ಗುಜರಾತಿನ ಮೆಹಸಾನಾ ಜಿಲ್ಲೆಯ ಬಾಲೋಲ್ ಮತ್ತು ಸಾಂಥಾಲ್ ಕ್ಷೇತ್ರಗಳ ಎಣ್ಣೆ ಮಂದವಾದುದು. ಅದಿರುವ ಆಳ ಸುಮಾರು ಒಂದು ಸಾವಿರ ಮೀಟರು. ಅಷ್ಟು ಆಳಕ್ಕೆ ಇಳಿಯುವಷ್ಟರಲ್ಲಿ ಉಗಿ ದಾರಿಯಲ್ಲಿಯೇ ಶಾಖವನ್ನು ಕಳೆದುಕೊಳ್ಳುತ್ತದೆ. ಶಾಖವನ್ನು ಮೇಲಿಂದ ಸಾಗಿಸುವ ಬದಲು ಪದರದಲ್ಲಿಯೇ ಹುಟ್ಟಿಸಿದರೆ ಹೇಗೆ ಎಂಬ ಆಲೋಚನೆ ಇಲ್ಲಿ ಫಲಿಸಿತು. ಇದಕ್ಕೆಂದೇ ಮೀಸಲಾದ ಬಾವಿಗಳಿಂದ ಎಚ್ಚರಿಕೆಯಿಂದ ಗಾಳಿಯನ್ನು ಕಳುಹಿಸಿ, ಪದರದ ಎಣ್ಣೆಯ ಒಂದು ಸಣ್ಣ ಪಾಲನ್ನು ಅಲ್ಲಿಯೇ ಉರಿಸುತ್ತಾರೆ. ಬೆಂಕಿಯು ನಿಧಾನವಾಗಿ ಮುಂದೆ ಸರಿಯುತ್ತ ತನ್ನ ಮುಂದಿನ ಎಣ್ಣೆಯನ್ನು ಕಾಯಿಸುತ್ತದೆ. ಪದರದ ನೀರು ಉಗಿಯಾಗುತ್ತದೆ. ದಹನದಿಂದ ಹುಟ್ಟಿದ ಅನಿಲಗಳು ಒತ್ತಡ ಕೊಡುತ್ತವೆ. ಹೀಗೆ ಉಗಿ, ಅನಿಲ ಎರಡೂ ಒಂದೇ ಒಲೆಯಲ್ಲಿ ತಯಾರಾಗುತ್ತವೆ. ಗಾಳಿಯು ಉರಿಯುವ ಸ್ಥಳದಲ್ಲಿಯೇ ಮುಗಿದುಹೋಗಬೇಕು, ಎಣ್ಣೆ ತೆಗೆಯುವ ಬಾವಿಯನ್ನು ತಲುಪಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟು. ಅದಕ್ಕಾಗಿ ಹೊರಬರುವ ಅನಿಲಗಳನ್ನು ಸದಾ ಪರೀಕ್ಷಿಸುತ್ತಿರುತ್ತಾರೆ. ಬಾಲೋಲ್‌ನಲ್ಲಿ 1990ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಕಾರ್ಯ 1997ರಲ್ಲಿ ವಾಣಿಜ್ಯ ಪ್ರಮಾಣಕ್ಕೆ ಏರಿತು.

ರಾಜಸ್ಥಾನದ ಮರುಭೂಮಿಯ ಬಾಘೇವಾಲಾ ಕ್ಷೇತ್ರದಲ್ಲಿ ದೊರೆಯುವ ಎಣ್ಣೆ ಇನ್ನೂ ಮಂದವಾದುದು. ಅಲ್ಲಿ ಆಯಿಲ್ ಇಂಡಿಯಾ ಸಂಸ್ಥೆಯು ಉಗಿಯ ಆವರ್ತನ ವಿಧಾನವನ್ನು ಬಳಸಿದೆ. ಅದೇ ರಾಜ್ಯದ ಬಾಡಮೇರ್ ಜಿಲ್ಲೆಯಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆಗೆ ಬಂದ ಮಂಗಳಾ ಕ್ಷೇತ್ರದ್ದು ಇನ್ನೊಂದು ಬಗೆಯ ತೊಡಕು. ಅಲ್ಲಿನ ಎಣ್ಣೆಯಲ್ಲಿ ಮೇಣದ ಅಂಶ ಹೆಚ್ಚು. ಸಾಧಾರಣ ಹವೆಯಲ್ಲಿಯೇ ಅದು ಹೆಪ್ಪುಗಟ್ಟುತ್ತದೆ. ಆದುದರಿಂದ ಅದನ್ನು ಗುಜರಾತಿನ ಕಡಲತೀರದವರೆಗೆ ಸಾಗಿಸುವ ಆರುನೂರು ಕಿಲೊಮೀಟರಿಗೂ ಉದ್ದವಾದ ಕೊಳವೆಮಾರ್ಗವನ್ನು ಉದ್ದಕ್ಕೂ ಬಿಸಿಯಾಗಿಯೇ ಇಡಬೇಕಾಗಿದೆ.

ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ. ಆದರೂ ಕಲ್ಲೆಣ್ಣೆಯ ಕಥೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವಿದೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ 1996ರಲ್ಲಿ ಕೆಲಸ ಆರಂಭಿಸಿತು. ಅದಲ್ಲದೆ ದೇಶದ ಆಪತ್ಕಾಲಕ್ಕೆಂದು ಕಲ್ಲೆಣ್ಣೆಯನ್ನು ಕೂಡಿಡುವ ನೆಲದಡಿಯ ಗುಹೆಗಳನ್ನು ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಕೊರೆಯಲಾಗಿದೆ. ಮಂಗಳೂರಿನ ಗುಹೆಗಳಿಗೆ 15 ಲಕ್ಷ ಟನ್, ಪಾದೂರಿನ ಗುಹೆಗಳಿಗೆ 25 ಲಕ್ಷ ಟನ್ ಎಣ್ಣೆಯನ್ನು ಹಿಡಿದಿಡುವ ಶಕ್ತಿಯಿದೆ. ರಂಧ್ರಗಳಿಲ್ಲದ ಗಟ್ಟಿ ಬಂಡೆ, ಅದರ ಬಿರುಕುಗಳಲ್ಲಿ ಸುತ್ತಲಿಂದ ಒತ್ತುವ ಅಂತರ್ಜಲ ಇವೆರಡೂ ಸೇರಿ ಎಣ್ಣೆ ಸೋರದಂತೆ ಕಾಯುತ್ತವೆ. ಎಣ್ಣೆಯನ್ನು ಹುಟ್ಟಿಸಲಾರದ ಗುಣವೇ ಎಣ್ಣೆಯನ್ನು ಕಾಪಾಡುವ ಗುಣವಾಯಿತು. ದೇಶಕ್ಕೆ ಬೇಕಾದ ಕಲ್ಲೆಣ್ಣೆಯಲ್ಲಿ ನೂರಕ್ಕೆ 85 ಭಾಗಕ್ಕೂ ಮಿಕ್ಕಿ ಹೊರದೇಶಗಳಿಂದ ಬರುವಾಗ ಇಂಥ ಕಣಜಗಳ ಅಗತ್ಯವೂ, ಹಳೆಯ ಬಾವಿಯೊಂದರಿಂದ ದೊರೆಯುವ ಪ್ರತಿಯೊಂದು ಪೀಪಾಯಿಯ ಬೆಲೆಯೂ ಸ್ಪಷ್ಟವಾಗುತ್ತದೆ.

ಹಾಗೆಂದು ಉಗಿಯೂ ಅನಿಲವೂ ಪುಕ್ಕಟೆಯಾಗಿ ಬರುವುದಿಲ್ಲ. ಉಗಿಯನ್ನು ಮಾಡಲು ನೀರು ಬೇಕು, ಅದನ್ನು ಶುದ್ಧಗೊಳಿಸಬೇಕು. ನೀರನ್ನು ಕುದಿಸಲು ಇಂಧನ ಬೇಕು. ಎಣ್ಣೆಯನ್ನು ಪಡೆಯಲು ಎಣ್ಣೆಯನ್ನೋ ಅನಿಲವನ್ನೋ ಸುಡಬೇಕಾದ ವಿಚಿತ್ರ ಸ್ಥಿತಿಯಿದು. ಎಷ್ಟು ಉಗಿಗೆ ಎಷ್ಟು ಎಣ್ಣೆ ಎಂಬ ಲೆಕ್ಕವನ್ನು ತಂತ್ರಜ್ಞರು ದಿನದಿನವೂ ಇಡುತ್ತಾರೆ. ಕಾಯಿಸುವ ವೆಚ್ಚ ಬರುವ ಎಣ್ಣೆಯ ಬೆಲೆಯನ್ನು ಮುಟ್ಟಿದ ದಿನ ಆ ಬಾವಿಗೆ ವಿರಾಮ. ಕಾದ ಉಕ್ಕಿನ ಕೊಳವೆಗಳು ಹಿಗ್ಗಿ ಬಿರುಕು ಬಿಡದಂತೆಯೂ, ಉಗಿ ನೆಲವನ್ನು ಸೀಳಿ ಹೊರಬರದಂತೆಯೂ ನೋಡಿಕೊಳ್ಳಬೇಕು. ಇಂಧನವನ್ನು ಸುಟ್ಟಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಭೂಮಿಯ ಹವೆಯನ್ನು ಬಿಸಿಯಾಗಿಸುತ್ತದೆ ಎಂಬ ಸಂಗತಿಯನ್ನೂ ಮರೆಯುವಂತಿಲ್ಲ. ಒಮಾನ್ ದೇಶದ ಅಮಲ್ ಎಂಬಲ್ಲಿ 2017ರಲ್ಲಿ ಕನ್ನಡಿಗಳಿಂದ ಬಿಸಿಲನ್ನು ಕೇಂದ್ರೀಕರಿಸಿ, ಆ ಶಾಖದಿಂದಲೇ ಉಗಿಯನ್ನು ಮಾಡಿ ಎಣ್ಣೆಪದರಕ್ಕೆ ಕಳುಹಿಸುವ ಕಾರ್ಯ ಆರಂಭವಾದದ್ದು ಈ ದೋಷವನ್ನು ತಗ್ಗಿಸುವ ಒಂದು ಯತ್ನ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕೊಳವೆಬಾವಿಗೆ ಕಂಪ್ರೆಸರ್ ಹಾಕಿಸಿದವರು ಅದನ್ನು ಬೇಗನೆ ಕಲಿಯುತ್ತಾರೆ. ಗಾಳಿಯನ್ನು ಊದಿದರೆ ಮೇಲೆ ಬರುವುದು ಬಾವಿಯಲ್ಲಿದ್ದ ನೀರೇ ಹೊರತು ಊದಿದ್ದರಿಂದ ಹುಟ್ಟಿದ ನೀರಲ್ಲ. ಯಂತ್ರವು ಇದ್ದುದನ್ನು ಎತ್ತಬಲ್ಲುದು; ಇಲ್ಲದುದನ್ನು ಸೃಷ್ಟಿಸಲಾರದು. ತೈಲಬಾವಿಗೆ ಊದುವ ಉಗಿಗೂ ಅನಿಲಕ್ಕೂ ಇದೇ ನಿಯಮ. ಅವು ಬಾವಿಯ ಆಯುಷ್ಯವನ್ನು ಹತ್ತಾರು ವರ್ಷ ಮುಂದುವರಿಸುತ್ತವೆ, ಅದನ್ನು ಚಿರಂಜೀವಿಯಾಗಿಸುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಇಲ್ಲಿಗೂ ಒಪ್ಪುತ್ತದೆ.

ನೀರಿಗೂ ಎಣ್ಣೆಗೂ ಇರುವ ಒಂದು ವ್ಯತ್ಯಾಸ ಈ ಮಾತಿನ ತೂಕವನ್ನು ಹೆಚ್ಚಿಸುತ್ತದೆ. ಕೆರೆಗಳನ್ನು ಉಳಿಸಿಕೊಂಡು, ಮಳೆಯ ನೀರನ್ನು ನೆಲಕ್ಕೆ ಇಂಗಿಸಿದರೆ ಬತ್ತಿದ ಕೊಳವೆಬಾವಿ ನಾಲ್ಕಾರು ಮಳೆಗಾಲಗಳಲ್ಲಿ ಮತ್ತೆ ತುಂಬಬಹುದು. ಬೆಂಗಳೂರಿನಲ್ಲಿ ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಬಂದಿತು. ಹಲಸೂರಿನ ಕೆರೆ ಉಳಿಯಿತು. ಯಾವುದನ್ನು ಕಳೆದುಕೊಳ್ಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬುದು ಅಲ್ಲಿ ಮನುಷ್ಯನ ಕೈಯಲ್ಲಿದೆ. ಎಣ್ಣೆಯ ವಿಷಯದಲ್ಲಿ ಆ ಅವಕಾಶವಿಲ್ಲ. ಅದನ್ನು ತುಂಬಿದ ಸಮುದ್ರಗಳು ಬತ್ತಿ ಕೋಟ್ಯಂತರ ವರ್ಷಗಳಾದವು. ಒಮ್ಮೆ ತೆಗೆದು ಉರಿಸಿದ ಎಣ್ಣೆಯನ್ನು ಯಾವ ಮಳೆಯೂ ಮರಳಿ ತಂದುಕೊಡದು.

ಆದ್ದರಿಂದ ಈ ವಿದ್ಯೆಯು ಮನುಷ್ಯನಿಗೆ ಕೊಟ್ಟಿರುವುದು ಹೊಸ ಸಂಪತ್ತನ್ನಲ್ಲ, ಕಾಲಾವಕಾಶವನ್ನು. ಬಿಸಿಲು, ಗಾಳಿ, ನೀರುಗಳ ಶಕ್ತಿಯನ್ನು ಪಳಗಿಸಿಕೊಳ್ಳಲು, ಇಂಧನವನ್ನು ಹಿತಮಿತವಾಗಿ ಬಳಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲು ಬೇಕಾದಷ್ಟು ಕಾಲ ಅದರಿಂದ ದೊರೆತಿದೆ. ಮುದಿ ಬಾವಿಯನ್ನು ಕೈಬಿಡದೆ ಅದರ ಕೊನೆಯ ಹನಿಯವರೆಗೂ ತಾಳ್ಮೆಯಿಂದ ದುಡಿಯುವ ತಂತ್ರಜ್ಞನ ಜಾಣ್ಮೆ ಮೆಚ್ಚತಕ್ಕದ್ದು. ಆತನು ಅಷ್ಟು ಶ್ರಮದಿಂದ ಮೇಲಕ್ಕೆ ತಂದ ಹನಿಯನ್ನು ಪೋಲು ಮಾಡದೆ ಬಳಸುವ ವಿವೇಕ ಉಳಿದವರಿಗೆಲ್ಲ ಬಂದಾಗ ಮಾತ್ರ ಆ ಜಾಣ್ಮೆ ಸಾರ್ಥಕವಾಗುತ್ತದೆ.